ಕೊನೆಯ ಹತ್ತು ಸೆಕೆಂಡು

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ 12 ಗಂಟೆ 55 ನಿಮಿಷಕ್ಕೆ ಅಲೆಕ್ಸಾಂಡ್ರಿಯಾದ ಹಳೇ ಬಂದರಿನ ಪಕ್ಕದ ಠಾಣೆಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಅವಳ ಕೈಯಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಇತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಕಾನ್‌ಸ್ಟೇಬಲ್ ಬಯೂಮಿಯ ಬಾಯಿ ತುಂಬ ಫೂಲ್ ಎಂಬ ಬೇಯಿಸಿದ ಕಾಳು ತುಂಬಿದ ರೊಟ್ಟಿ. "ಏನಮ್ಮಾ, ಮೀನು ಹಿಡ್ಕೊಂಡು ಬಂದಂಗೆ ಬಂದಿದೀಯ? ನೆಲ ಈಗಷ್ಟೇ ಒರೆಸಿದ್ದು" ಎಂದ.

"ಉಸ್ತಾದ್ ವಗ್ದಿ ಸತ್ತು ಬಿದ್ದಿದಾರೆ. ಯಾರೋ ಬಂದು ಹೋಗಿದಾರೆ."

ಬಯೂಮಿ ಅಗಿಯುವುದನ್ನು ನಿಲ್ಲಿಸಿದ. ಒಳಕೋಣೆಯಿಂದ ಇನ್‌ಸ್ಪೆಕ್ಟರ್ ತಲಅತ್ ಗುನೈಮ್ ಎದ್ದು ಬಂದ. ಇಪ್ಪತ್ತೊಂಬತ್ತು ವರ್ಷ ಪೊಲೀಸ್ ಕೆಲಸ ಮಾಡಿದ ಮನುಷ್ಯ. ಯಾರ ಮಾತನ್ನೂ ಅರ್ಧಕ್ಕೆ ತುಂಡರಿಸುವವನಲ್ಲ, ಯಾರ ಮಾತನ್ನೂ ಪೂರ್ತಿ ನಂಬುವವನೂ ಅಲ್ಲ. ಊರಿನ ರೂಢಿಯಂತೆ ಜನ ಅವನನ್ನು ಗೌರವದಿಂದ 'ಬಾಷಾ' ಎನ್ನುತ್ತಿದ್ದರು. ದೂರು ಕೊಟ್ಟವಳ ಹೆಸರು ಶಾಹಿನಾಜ್. ಎಫ್‌ಐಆರ್ ಸಂಖ್ಯೆ 317. ಒಂದೂ ಇಪ್ಪತ್ತಕ್ಕೆ ಮೂವರೂ ಮನ್ಶಿಯ್ಯಾದ ಗಲ್ಲಿಯಲ್ಲಿದ್ದರು.

ಹಿಂದೊಮ್ಮೆ ಹತ್ತಿ ದಲ್ಲಾಳಿಯ ಕಚೇರಿಯಾಗಿದ್ದ ನೆಲಮಾಳಿಗೆ ಅದು. ಬಾಗಿಲ ಹೊರಗೆ ಮರದ ಕಟ್ಟಿನ ಮೇಲೆ ದೊಡ್ಡ ಮಣ್ಣಿನ ಗುಡಾಣ, ಅದಕ್ಕೆ ಸರಪಳಿ ಕಟ್ಟಿದ ತಗಡಿನ ಲೋಟ. ದಾರಿಹೋಕರಿಗೆ ನೀರು. ಬಾಗಿಲ ಮೇಲಿನ ಹಲಗೆಯಲ್ಲಿ 'ಸಬೀಲ್', ಅಂದರೆ ಅರವಟ್ಟಿಗೆ, ಎಂದು ಬರೆದಿತ್ತು. ಗುಡಾಣದ ತಳದಲ್ಲಿ ಇನ್ನೂ ಮೂರು ಡಿಸ್ಕುಗಳು ಮುಳುಗಿದ್ದವು. ಶಾಹಿನಾಜ್ ಹೊರಗಿನಿಂದ ಬಂದು ನೀರು ಕುಡಿಯಲು ಲೋಟ ಅದ್ದಿದಾಗ ಲೋಟಕ್ಕೆ ತಗುಲಿದ್ದು ನಾಲ್ಕನೆಯದು.

ಒಳಗಿನ ಕೋಣೆಯಲ್ಲಿ ವಗ್ದಿ ಅಂಗಾತ ಬಿದ್ದಿದ್ದ. ಅರವತ್ತನಾಲ್ಕು ವರ್ಷ, ಟೀವಿಯ ನಿವೃತ್ತ ಕ್ಯಾಮೆರಾಮನ್. ಕಿಟಕಿಯ ಅಮೃತಶಿಲೆಯ ಅಂಚಿನಲ್ಲಿ ರಕ್ತ, ತಲೆಯ ಹಿಂಭಾಗದಲ್ಲಿ ಒಂದೇ ಗಾಯ. "ಹೊಡೆದದ್ದಲ್ಲ, ತಳ್ಳಿದ್ದು" ಎಂದ ಪೊಲೀಸ್ ಡಾಕ್ಟರು. ಶಾಹಿನಾಜ್ ಅಂಚೆ ಕಚೇರಿಗೆ ಹೊರಟದ್ದು 11.40ಕ್ಕೆ, ಮರಳಿದ್ದು 12.35ಕ್ಕೆ. ಸಾವು ಅದರ ನಡುವೆ. ಎದುರಿನ ಇಸ್ತ್ರಿ ಅಂಗಡಿಯವನನ್ನೂ ಮೂಲೆಯ ಕಾಫಿಯವನನ್ನೂ ಪಂಚರಾಗಿ ಕರೆದು ಮಹಜರು ಬರೆದರು. ಇಬ್ಬರೂ ಏನೂ ನೋಡಿರಲಿಲ್ಲ. ಬೇಡದ್ದನ್ನೆಲ್ಲ ನೋಡುವ ಗಲ್ಲಿಗೆ ಬೇಕಾದ ಹೊತ್ತಿನಲ್ಲಿ ಕುರುಡು ಬರುವುದು ಗುನೈಮನಿಗೆ ಹೊಸತಲ್ಲ.

"ಇಲ್ಲಿ ನಿಮ್ಮ ಕೆಲಸ ಏನು?" ಎಂದು ಶಾಹಿನಾಜಳನ್ನು ಕೇಳಿದ.

"ಕಚ್ಚಾ ದೃಶ್ಯ ಹಂಚ್ತೀವಿ ಬಾಷಾ. ಸಮುದ್ರ, ಬೀದಿ, ಸಂತೆ, ಜನ. ವಿಡಿಯೋ ಮಾಡೋರಿಗೆ ಬೇಕಾಗುತ್ತಲ್ಲ, ಅದು. ಕತ್ತರಿ ಹಾಕದೆ ಇದ್ದದ್ದು ಇದ್ದ ಹಾಗೆ."

"ಮಾರ್ತೀರಾ?"

"ಪುಕ್ಕಟೆ."

"ಪುಕ್ಕಟೆ ಅಂದ್ರೆ ಕದ್ದದ್ದೋ?"

ಅಳುವಿನ ನಡುವೆಯೂ ಅವಳಿಗೆ ಸಿಟ್ಟು ಬಂತು. "ಕಾನೂನು ಪ್ರಕಾರ ಪುಕ್ಕಟೆ. ತೆಗೆದವರೇ ಬರ್ದು ಸಹಿ ಹಾಕಿ ಕೊಟ್ಟಿರ್ತಾರೆ. ಯಾರು ಬೇಕಾದ್ರೂ ತಗೋಬಹುದು, ಕತ್ತರಿಸಬಹುದು, ತಮ್ಮ ಸಿನಿಮಾಗೆ ಹಾಕ್ಕೋಬಹುದು. ಕೊಟ್ಟವರು ಆಮೇಲೆ ವಾಪಸ್ ಕೇಳೋ ಹಾಗಿಲ್ಲ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಅಂತಿದ್ರು ಉಸ್ತಾದ್."

"ಕೊಡೋರಿಗೆ ಏನು ಲಾಭ?"

"ಒಂದು ಫಾತಿಹಾ."

ಬಯೂಮಿ ತಲೆಯೆತ್ತಿದ. ಸತ್ತವರ ಹೆಸರಿನಲ್ಲಿ ಬೀದಿಯಲ್ಲಿ ನೀರಿಡುವುದು ಅವನ ತಾಯಿಯೂ ಮಾಡಿದ್ದ ಕೆಲಸ. ಇಲ್ಲಿ ಜನ ನೀರಿನ ಬದಲು ದೃಶ್ಯ ಇಡುತ್ತಿದ್ದರು. ತಂದೆಯ ಹೆಸರಿನಲ್ಲಿ ಸೂರ್ಯೋದಯ, ಅಕ್ಕನ ಹೆಸರಿನಲ್ಲಿ ಟ್ರಾಮು. ಬಳಸಿಕೊಂಡವರು ಆ ಹೆಸರಿಗೆ ಒಂದು ಫಾತಿಹಾ ಪ್ರಾರ್ಥನೆ ಹೇಳಬೇಕು, ತಮ್ಮ ವಿಡಿಯೋದ ಕೊನೆಯಲ್ಲಿ ಹೆಸರು ತೋರಿಸಬೇಕು. ಅಷ್ಟೇ ಬೆಲೆ. ಆದ್ದರಿಂದಲೇ ಕಪಾಟಿನ ಡಿಸ್ಕುಗಳನ್ನು ಊರಿನ ಪ್ರಕಾರವಾಗಲಿ ವರ್ಷದ ಪ್ರಕಾರವಾಗಲಿ ಜೋಡಿಸಿರಲಿಲ್ಲ, ಸತ್ತವರ ಹೆಸರಿನ ಮೊದಲ ಅಕ್ಷರದ ಪ್ರಕಾರ ಜೋಡಿಸಿತ್ತು. ಖಾಲಿಯಾಗಿದ್ದದ್ದು 'ನೂನ್', ಅಂದರೆ 'ನ' ಅಕ್ಷರದ ಜಾಗ, ನಾಲ್ಕೂ ಡಿಸ್ಕು.

"ಅಂದ್ರೆ ಬಂದವನಿಗೆ ಹೆಸರು ಗೊತ್ತಿತ್ತು, ಯಾವ ಡಿಸ್ಕು ಅಂತ ಗೊತ್ತಿರಲಿಲ್ಲ" ಎಂದ ಗುನೈಮ್. "ಇದು ಹೋದ್ರೆ ಆ ದೃಶ್ಯ ಹೋದ ಹಾಗೇನಾ?"

"ಎಲ್ಲಿ ಹೋಗುತ್ತೆ ಬಾಷಾ? ಸಾವಿರಾರು ಜನ ಇಳಿಸ್ಕೊಂಡಿದಾರೆ. ಇಲ್ಲಿ ಮುಳುಗಿಸಿದ್ದು ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ."

ನೂನ್ ಅಕ್ಷರದಲ್ಲಿ ಅರವತ್ತಮೂರು ಹೆಸರುಗಳಿದ್ದವು. ಅಷ್ಟನ್ನೂ ಜಾಲಾಡುವ ಮೊದಲು ಗುನೈಮ್ ವಗ್ದಿಯ ಪತ್ರಗಳನ್ನು ತೆರೆಸಿದ. ಫೆಬ್ರವರಿ 7ರಂದು ಲಿಸ್ಬನ್ನಿನಿಂದ ಒಬ್ಬ ವಿಡಿಯೋ ಸಂಕಲನಕಾರ ಬರೆದಿದ್ದ: 'ನವ್ವಾರಳ ಆತ್ಮಕ್ಕೆ' ಎಂಬ ನಿಮ್ಮ ದೃಶ್ಯವನ್ನು ಬಳಸಿಕೊಳ್ಳುತ್ತಿದ್ದೇನೆ. ನಾಲ್ಕನೇ ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ ಮಗುವಿನ ದನಿ ಕೇಳುತ್ತದೆ. ನನಗೆ ಅರಬ್ಬಿ ಬಾರದು. ದಯವಿಟ್ಟು ಹೇಳಿ, ಆ ಮಗು ಬದುಕಿತೇ?

ವಗ್ದಿಯ ಉತ್ತರ ಎರಡೇ ಸಾಲು. 'ಒಂದು ವರ್ಷದಿಂದ ಹಂಚುತ್ತಿದ್ದೇನೆ. ನಾನು ಒಮ್ಮೆಯೂ ಕೊನೆಯವರೆಗೆ ಕೇಳಿರಲಿಲ್ಲ.'

ಠಾಣೆಗೆ ಮರಳಿ ಸಂಜೆ 5.05ಕ್ಕೆ ಆ ದೃಶ್ಯ ಹಾಕಿದರು. ಶಾಹಿನಾಜ್ ಅದನ್ನು ಅಂತರ್ಜಾಲದಿಂದ ಎರಡು ನಿಮಿಷದಲ್ಲಿ ಇಳಿಸಿ ಕೊಟ್ಟಳು. ಹೋದ ವರ್ಷದ ಜನವರಿ, ಬಹರಿ ಮೊಹಲ್ಲಾದಲ್ಲಿ ಐದು ಮಹಡಿಯ ಹಳೇ ಕಟ್ಟಡ ಕುಸಿದ ಬೆಳಗ್ಗೆ. ಗುನೈಮನಿಗೆ ಆ ದಿನ ನೆನಪಿತ್ತು. ಹನ್ನೊಂದು ಹೆಣಗಳಿಗೆ ಅವನೇ ಸಹಿ ಹಾಕಿದ್ದ. ದೃಶ್ಯದಲ್ಲಿ ಬರಿತಲೆಯ ಒಬ್ಬ ಹೆಂಗಸು ಕಲ್ಲುರಾಶಿಯತ್ತ ಕೈಚಾಚಿ ಅರಚುತ್ತಿದ್ದಳು. ಇಬ್ಬರು ಅವಳನ್ನು ಹಿಡಿದಿದ್ದರು. ಜನರೇಟರ್ ಸದ್ದಿನಲ್ಲಿ ಅವಳ ಒಂದು ಮಾತೂ ತಿಳಿಯುತ್ತಿರಲಿಲ್ಲ.

"ಇವಳನ್ನ ನಾನು ನೋಡಿದೀನಿ" ಎಂದ ಬಯೂಮಿ. "ಇನ್ಶೂರೆನ್ಸ್ ಜಾಹೀರಾತಲ್ಲಿ. ಆಮೇಲೆ ಯಾವುದೋ ಭೂಕಂಪದ ಸುದ್ದೀಲಿ. ಒಂದು ಹಾಡಲ್ಲೂ ಇದ್ಲು."

"ಎಲ್ಲರೂ ಇವಳನ್ನೇ ಹಾಕ್ಕೊಳ್ತಾರೆ" ಎಂದಳು ಶಾಹಿನಾಜ್. "ಸದ್ದು ತೆಗೆದುಬಿಡ್ತಾರೆ. ಮೇಲೆ ಸಂಗೀತ ಹಾಕ್ತಾರೆ."

ನಾಲ್ಕು ನಿಮಿಷಕ್ಕೆ ಕ್ಯಾಮೆರಾ ಕಲ್ಲುಗಳ ಕಡೆಗೆ ತಿರುಗಿತು. ಜನರೇಟರ್ ನಿಂತಿತು. ಆ ನಿಶ್ಶಬ್ದದಲ್ಲಿ, ಆಳದಿಂದ, ಒಂದು ಸಣ್ಣ ದನಿ. "ಅಮ್ಮಾ, ನಾನಿಲ್ಲಿದೀನಿ. ಲೈಟ್ ಹಾಕು." ಕ್ಯಾಮೆರಾ ಅಲುಗಾಡಲಿಲ್ಲ. ಹತ್ತು ಸೆಕೆಂಡು ಹಾಗೇ ನಿಂತು ಆರಿತು.

ಬಯೂಮಿ ಎದ್ದು ಹೊರಗೆ ಹೋದ. ಅವನಿಗೂ ಅದೇ ವಯಸ್ಸಿನ ಮಗಳಿದ್ದಳು. ನವ್ವಾರ, ಏಳು ವರ್ಷ, 'ಮಲಗಿದ್ದಲ್ಲೇ ತಕ್ಷಣ ಸಾವು' ಎಂದು ಅಂದು ದಾಖಲೆಯಲ್ಲಿ ಬರೆದವನು ಗುನೈಮನೇ. ತಾಯಿಗೆ ಸಮಾಧಾನವಾಗಲೆಂದು ಡಾಕ್ಟರು ಹೇಳಿದ್ದರು, ಅವನು ಬರೆದಿದ್ದ.

"ಇದನ್ನ ಕೊಟ್ಟದ್ದು ಯಾರು?"

"ಹಮ್ದಿ ಶಲಬಿ. ಮದುವೆ ವಿಡಿಯೋ ತೆಗೀತಾನೆ. ಉಸ್ತಾದರ ಶಿಷ್ಯ. ಹುಡುಗಿ ಸತ್ತ ನಲವತ್ತನೇ ದಿನ ತಂದುಕೊಟ್ಟ. ತನ್ನ ಮನೆಯವರ ಹೆಸರು ಬೇಡ, ಆ ಮಗು ಹೆಸರಲ್ಲೇ ಇರಲಿ ಅಂದ. ಒಳ್ಳೇವನು ಬಾಷಾ."

ಫೆಬ್ರವರಿ 12, ಬುಧವಾರ, ಬೆಳಗ್ಗೆ 10.15. ಹಮ್ದಿಯ ಅಂಗಡಿ ಅನ್ಫೂಶಿಯಲ್ಲಿ, ದೋಣಿ ಕಟ್ಟುವ ಅಂಗಳಗಳ ಹಿಂದೆ. ನಲವತ್ತು ವರ್ಷದ ಸಣಕಲ ಮನುಷ್ಯ. ಗೋಡೆಯ ಮೊಳೆಗೆ ದೊಡ್ಡ ಹೆಡ್‌ಫೋನ್ ಒಂದು ನೇತುಬಿದ್ದಿತ್ತು, ಅದರ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು.

"ಉಸ್ತಾದ್ ಹೋದ್ರಂತೆ. ಕೇಳಿದ ಮೇಲೆ ಕೈಕಾಲೇ ಆಡ್ತಿಲ್ಲ ಬಾಷಾ" ಎಂದ.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಶಾದಿ ಮಹಲಲ್ಲಿ. ಅಲಂಕಾರದ ಕೆಲಸದ್ದು ಶೂಟಿಂಗ್ ಇತ್ತು. ಹನ್ನೊಂದೂ ನಲವತ್ತರಿಂದ ಒಂದು ಗಂಟೆವರೆಗೂ."

"ಯಾರಿದ್ರು ಜೊತೆಗೆ?"

"ಹೂ ಕಟ್ಟೋರು ಬರ್ತಾ ಹೋಗ್ತಾ ಇದ್ರು. ಅವರು ಗಡಿಯಾರ ನೋಡ್ತಾರಾ? ಆದ್ರೆ ಕ್ಯಾಮೆರಾ ನೋಡುತ್ತೆ. ತಗೊಳ್ಳಿ ಕಾರ್ಡು. ನಿಲ್ಲಿಸದೆ ತೆಗೆದದ್ದು, ಗಂಟೆ ನಿಮಿಷ ಎಲ್ಲಾ ಅದರಲ್ಲೇ ಇದೆ."

"ವಗ್ದಿ ಇತ್ತೀಚೆಗೆ ಮಾತಾಡಿದ್ರಾ?"

"ತಿಂಗಳಾಯ್ತು."

ಟೆಲಿಫೋನ್ ಕಂಪನಿಯ ಪಟ್ಟಿ ಅದೇ ಸಂಜೆ ಬಂತು. ಭಾನುವಾರ ವಗ್ದಿ ಹಮ್ದಿಗೆ ಹತ್ತೊಂಬತ್ತು ನಿಮಿಷ ಮಾತಾಡಿದ್ದ. ಸುಳ್ಳು ಸಿಕ್ಕಿತು. ಆದರೆ ಸುಳ್ಳು ಹೇಳಿದವನೆಲ್ಲ ಕೊಲೆಗಾರನಲ್ಲ. ಹಾಗಿದ್ದರೆ ಊರಿಗೆ ಊರೇ ಜೈಲಿನಲ್ಲಿರಬೇಕಾಗುತ್ತಿತ್ತು. ಕಾರ್ಡಿನಲ್ಲಿದ್ದ ದೃಶ್ಯ ಗಟ್ಟಿಯಾಗಿತ್ತು. 11.40ರಿಂದ 12.52ರವರೆಗೆ, ಎಲ್ಲೂ ತುಂಡಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಿಟ್ಟುಹೋಗಿದ್ದನೆನ್ನಲೂ ಆಗದು, ಅದು ಅತ್ತಿತ್ತ ಚಲಿಸುತ್ತಲೇ ಇತ್ತು.

ಗುರುವಾರ ಬೆಳಗ್ಗೆ ಗುನೈಮ್ ಅದನ್ನು ಮತ್ತೆ ಹಾಕಿಸಿದ. ಈ ಸಲ ನೋಡಲಿಲ್ಲ. ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು, ಎಪ್ಪತ್ತೆರಡು ನಿಮಿಷ ಕಣ್ಣುಮುಚ್ಚಿ ಕೇಳಿದ. ಏಣಿ ಎಳೆದ ಸದ್ದು, ಹೂವಿನವನ ಬೈಗುಳ, ಯಾರದೋ ಕೆಮ್ಮು.

"ಬಯೂಮಿ, ಮಂಗಳವಾರ ಮಧ್ಯಾಹ್ನದ ದುಹರ್ ಅಜಾನ್ ಎಷ್ಟೊತ್ತಿಗಾಯ್ತು?"

"ಹನ್ನೆರಡೂ ಹದಿನಾಲ್ಕಕ್ಕೆ ಬಾಷಾ."

"ಶಾದಿ ಮಹಲಿನ ಪಕ್ಕ ಏನಿದೆ?"

"ಮಸೀದಿ. ಗೋಡೆಗೆ ಗೋಡೆ ಅಂಟಿಕೊಂಡಿದೆ. ಅಲ್ಲಿನ ಮುಅಜ್ಜಿನ್ ಕೂಗಿದ್ರೆ ಸತ್ತವರೂ ಎದ್ದು ನಮಾಜಿಗೆ ಕೈಕಾಲು ತೊಳೀಬೇಕು, ಅಂಥಾ ಗಂಟಲು..." ಬಯೂಮಿ ಅಲ್ಲಿಗೇ ನಿಲ್ಲಿಸಿದ. ಅವನಿಗೂ ಹೊಳೆಯಿತು. "ಇದರಲ್ಲಿ ಅಜಾನೇ ಇಲ್ಲ!"

ಕಾರ್ಡಿನಲ್ಲಿರುವ ಗಂಟೆ ನಿಮಿಷವನ್ನು ದೃಶ್ಯ ತೆಗೆದ ಮೇಲೂ ತಿದ್ದಬಹುದು, ಮಸೀದಿಯದನ್ನು ಆಗದು. ಹೂ ಕಟ್ಟುವವರನ್ನು ಕರೆಸಿ ಕೇಳಿದಾಗ, ಕ್ಯಾಮೆರಾದವನು ಬೆಳಗ್ಗೆ ಒಂಬತ್ತಕ್ಕೇ ಬಂದು ಅಜಾನಿಗೆ ಎಷ್ಟೋ ಮುಂಚೆ ಹೋಗಿಬಿಟ್ಟನೆಂದರು. ಸದ್ದಿಗೆ ಕಿವಿಗೊಟ್ಟು ಕೆಲಸ ಮಾಡುವ ಯಾವ ಕ್ಯಾಮೆರಾಮನ್ನನೂ ಈ ತಪ್ಪು ಮಾಡುತ್ತಿರಲಿಲ್ಲ. ಹಮ್ದಿ ಒಂದು ವರ್ಷದಿಂದ ತಾನು ತೆಗೆದದ್ದನ್ನು ಕೇಳುವುದನ್ನೇ ಬಿಟ್ಟಿದ್ದ.

ಫೆಬ್ರವರಿ 13, ಗುರುವಾರ, 11.50ಕ್ಕೆ ಅಂಗಡಿಯಲ್ಲೇ ಅವನನ್ನು ದಸ್ತಗಿರಿ ಮಾಡಿದರು. ಓಡಲಿಲ್ಲ, ವಾದಿಸಲಿಲ್ಲ. ಅಂಗಡಿಗೆ ಬೀಗ ಹಾಕಲು ಮಾತ್ರ ಅಪ್ಪಣೆ ಕೇಳಿದ.

"ಆ ದನಿ ನಿನಗೆ ಯಾವಾಗ ಕೇಳಿಸ್ತು? ಮನೆಗೆ ಹೋಗಿ ನೋಡಿದಾಗಲಾ?"

"ಆಗಲೇ ಕೇಳಿಸ್ತು ಬಾಷಾ. ಹೆಡ್‌ಫೋನ್ ಹಾಕಿದ್ದೆ. ಮೈಕು ಕಲ್ಲಿನ ಸಂದಿಗೇ ಹಿಡಿದಿದ್ದೆ. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಕೇಳಿಸಿದ್ದು."

"ಮತ್ತೆ ಯಾಕೆ ಕೂಗಲಿಲ್ಲ?"

ಹಮ್ದಿ ತನ್ನ ಅಂಗೈ ನೋಡುತ್ತ ಕುಳಿತ. "ಉಸ್ತಾದ್ ಕಲಿಸಿದ್ದು. ದೃಶ್ಯ ಮುಗೀತು ಅಂತ ತಕ್ಷಣ ನಿಲ್ಲಿಸಬೇಡ, ಹತ್ತು ಎಣಿಸು, ಉಸಿರು ಕೂಡ ಬಿಡಬೇಡ. ನಿನ್ನ ನಂತರ ಯಾವನಿಗೋ ಆ ಹತ್ತು ಸೆಕೆಂಡು ಬೇಕಾಗುತ್ತೆ ಅಂತ. ಇಪ್ಪತ್ತು ವರ್ಷದ ಅಭ್ಯಾಸ. ದನಿ ಕೇಳಿಸ್ತು, ನಾನು ಎಣಿಸ್ತಾ ನಿಂತೆ. ಒಂದು, ಎರಡು, ಮೂರು... ಹತ್ತು ಎಣಿಸಿ, ಕ್ಯಾಮೆರಾ ಆರಿಸಿ, ಓಡಿಹೋಗಿ ಅಗ್ನಿಶಾಮಕದವನ ತೋಳು ಹಿಡ್ಕೊಂಡೆ. ಅವನು ತಿರುಗೋ ಅಷ್ಟರಲ್ಲಿ ಮೇಲಿನ ಛಾವಣಿ ಕುಸಿದು ಬಂತು."

ಹತ್ತು ಸೆಕೆಂಡಿನಲ್ಲಿ ಏನೂ ಆಗುತ್ತಿರಲಿಲ್ಲ. ಆ ಕಲ್ಲು ಎತ್ತಲು ಎರಡು ಗಂಟೆ ಬೇಕಿತ್ತೆಂದು ಗುನೈಮನಿಗೆ ಗೊತ್ತು, ಅಂದು ಅವನೂ ಅಲ್ಲಿದ್ದ. ಅದನ್ನು ಹೇಳಿಯೂ ಹೇಳಿದ. ಹಮ್ದಿಗೆ ಅದು ಕಿವುಡನಿಗೆ ಹೇಳಿದಂತಾಯಿತು.

"ಮತ್ತೆ ಆ ದನಿ ಸಮೇತ ಯಾಕೆ ದಾನ ಕೊಟ್ಟೆ? ಕತ್ತರಿಸಬಹುದಿತ್ತಲ್ಲ?"

"ಕಚ್ಚಾ ಅಂದ್ರೆ ಕಚ್ಚಾನೇ ಕೊಡಬೇಕು. ಅವಳ ಹೆಸರಲ್ಲಿ ಕೊಡ್ತಾ ಅವಳ ದನೀನೇ ಕತ್ತರಿಸ್ಲಾ? ನೂರು ಜನ ಬಳಸಿದ್ರೆ ನೂರು ಫಾತಿಹಾ ಸಿಗುತ್ತೆ ಅಂದ್ಕೊಂಡೆ. ಅದರಿಂದ ನನ್ನ ಭಾರ ಸ್ವಲ್ಪ ಇಳಿಯುತ್ತೆ ಅಂದ್ಕೊಂಡೆ."

"ಮಂಗಳವಾರ ಏನಾಯ್ತು?"

"ಭಾನುವಾರ ಉಸ್ತಾದ್ ಫೋನ್ ಮಾಡಿದ್ರು. ಶುಕ್ರವಾರ ನಮಾಜ್ ಮುಗಿಸಿ ಆ ಮಗುವಿನ ತಾಯಿ ಉಮ್ ನವ್ವಾರಳ ಮನೆಗೆ ಹೋಗ್ತೀನಿ, ಅವಳ ಮಗಳ ದನಿ ಅವಳ ಸೊತ್ತು, ಹೇಳದೆ ಇಟ್ಕೊಳ್ಳೋದು ಪಾಪ ಅಂದ್ರು. ಮಂಗಳವಾರ ನಾನೇ ಹೋಗಿ ಕಾಲಿಗೆ ಬಿದ್ದೆ ಬಾಷಾ. ಮಗು ನಿದ್ದೇಲಿ ಹೋಯ್ತು ಅಂತ ಆ ತಾಯಿ ನಂಬಿದಾಳೆ, ಅದೊಂದನ್ನಾದ್ರೂ ಉಳಿಸಿ ಅಂದೆ. ಅವರು ಹಟ ಬಿಡಲಿಲ್ಲ. ಕೋಟು ಹಾಕ್ಕೊಂಡು, ಶುಕ್ರವಾರ ಯಾಕೆ, ಈಗಲೇ ನಡಿ, ನೀನೂ ಬಾ ಅಂದ್ರು. ತಡೆಯೋಕೆ ತಳ್ಳಿದೆ. ಅಷ್ಟೇ. ಸಾಯಿಸಬೇಕು ಅಂತ ತಳ್ಳಲಿಲ್ಲ."

"ಡಿಸ್ಕು ಮುಳುಗಿಸಿದ್ರೆ ಏನೂ ಆಗಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಕೈ ಸುಮ್ನಿರಲಿಲ್ಲ."

ಸಹಿ ಹಾಕುವಾಗ ಅವನು ಕೇಳಿದ್ದು ಒಂದೇ. "ನೀವೂ ಅವಳಿಗೆ ಹೇಳಬೇಡಿ ಬಾಷಾ. ನಾನು ತಪ್ಪೊಪ್ಪಿಕೊಂಡಿದೀನಲ್ಲ. ಅವಳಿಗೆ ಕೇಳಿಸೋ ಅಗತ್ಯ ಏನಿದೆ?"

ಅಗತ್ಯವಿತ್ತು. ಪ್ರಾಸಿಕ್ಯೂಷನ್ ಕಚೇರಿ ಅವನನ್ನು ನಾಲ್ಕು ದಿನ ಕಸ್ಟಡಿಗೆ ಒಪ್ಪಿಸಿ ಒಂದು ಆದೇಶ ಬರೆದು ಕಳಿಸಿತು: ಧ್ವನಿಮುದ್ರಣದಲ್ಲಿರುವ ದನಿ ಯಾರದೆಂದು ರಕ್ತಸಂಬಂಧಿಯಿಂದ ಗುರುತಿಸಿ, ಹೇಳಿಕೆ ಪಡೆದು ಲಗತ್ತಿಸುವುದು. ತಂದೆ ಕುವೈತಿನಲ್ಲಿ ಲಾರಿ ಓಡಿಸುತ್ತಿದ್ದ. ಉಳಿದವಳು ತಾಯಿ. ಯಾವುದನ್ನು ತಪ್ಪಿಸಲು ಒಬ್ಬ ಮನುಷ್ಯ ತನ್ನ ಗುರುವನ್ನೇ ಕೊಂದನೋ, ಅದನ್ನು ಈಗ ಗುನೈಮ್ ಸರಕಾರಿ ಕಾಗದ ಮುಂದಿಟ್ಟುಕೊಂಡು ಮಾಡಬೇಕಿತ್ತು. ಎರಡು ದಿನ ಅವನು ಆ ಆದೇಶವನ್ನು ಡ್ರಾಯರಿನಲ್ಲಿಟ್ಟುಕೊಂಡ.

ಫೆಬ್ರವರಿ 16, ಭಾನುವಾರ, 9.30. ಸನ್ನಿಯಾ ಬಂದಳು. ಮಗಳು ಹೋದ ಮೇಲೂ ಬೀದಿಯವರು ಅವಳನ್ನು ಉಮ್ ನವ್ವಾರ, ನವ್ವಾರಳ ಅಮ್ಮ, ಎಂದೇ ಕರೆಯುತ್ತಿದ್ದರು. ಮೀನು ಮಾರುಕಟ್ಟೆಯಿಂದ ನೇರವಾಗಿ ಬಂದಿದ್ದಳು, ಕಪ್ಪು ನಿಲುವಂಗಿಯ ತೋಳಿನಲ್ಲಿ ಹುರುಪೆ ಅಂಟಿತ್ತು. ಬಯೂಮಿ ಚಹಾ ತಂದಿಟ್ಟು ಬಾಗಿಲು ಮುಚ್ಚಿಕೊಂಡು ಹೋದ.

"ಕೂತ್ಕೊಳ್ಳಮ್ಮ" ಎಂದ ಗುನೈಮ್. "ಒಂದು ವಿಷಯ ಹೇಳಬೇಕು. ಕಟ್ಟಡ ಬಿದ್ದ ದಿನದ್ದು. ಅವತ್ತು ನಿಮಗೆ ನಾವು ಹೇಳಿದ್ದು... ನಾನು ಬರೆದದ್ದು..."

ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಿದವನು, ಒಂದು ವರ್ಷ ಹಳೆಯ ಸಾವಿನ ಮುಂದೆ ತಡವರಿಸಿದ.

ಅವಳೇ ಕೇಳಿದಳು. "ದನಿ ವಿಷಯನಾ ಸಾಹೇಬ್ರೇ?"

ಗುನೈಮ್ ತಲೆಯೆತ್ತಿದ.

ಅವಳು ಮೊಬೈಲ್ ತೆಗೆದು ಮೇಜಿನ ಮೇಲೆ ಕವುಚಿ ಇಟ್ಟಳು. "ಹೋದ ವರ್ಷ ಪಕ್ಕದ ಅಂಗಡಿ ಹುಡುಗಿ ತೋರಿಸಿದ್ಲು, ನೋಡು ಜಾಹೀರಾತಲ್ಲಿ ನೀನಿದೀಯ, ಕೊನೇಲಿ ನಿನ್ನ ಮಗಳ ಹೆಸರಿದೆ ಅಂತ. ಪೂರ್ತಿದು ಪುಕ್ಕಟೆ ಸಿಗುತ್ತೆ, ಬೇಕಾ ಅಂದ್ಲು. ಬೇಕು ಅಂದೆ. ಚಿತ್ರ ನಾನು ನೋಡಲ್ಲ, ತಲೆ ಮೇಲೆ ಬಟ್ಟೆ ಇಲ್ಲ ನನಗೆ ಅದರಲ್ಲಿ. ಹೀಗೆ ಕವುಚಿ ಇಟ್ಕೊಂಡು ಕೇಳ್ತೀನಿ. ದಿನಾ ಕೇಳ್ತೀನಿ."

"ನಿದ್ದೇಲಿ ಹೋದ್ಲು ಅಂತ ನೀವು..."

"ನಾನು ಯಾವತ್ತು ನಂಬಿದೆ? ಅವತ್ತು ನಾನು ಅರಚ್ತಿದ್ದದ್ದು ಏನು ಅಂದ್ಕೊಂಡ್ರಿ? ಅಳ್ತಿದೀನಿ ಅಂದ್ಕೊಂಡ್ರಾ? 'ಕೂಗ್ತಿದಾಳೆ, ಸದ್ದು ನಿಲ್ಲಿಸಿ, ಕೇಳಿ' ಅಂತ ಅರಚ್ತಿದ್ದೆ. ನೀವೂ ಅಲ್ಲೇ ಇದ್ರಿ ಸಾಹೇಬ್ರೇ. ಇವಳಿಗೆ ತಲೆ ಕೆಟ್ಟಿದೆ, ಹಿಡ್ಕೊಳ್ಳಿ ಅಂದ್ರಿ."

ಗುನೈಮನಿಗೆ ನೆನಪಾಯಿತು. ಅಂದಿದ್ದ, ನಿಜ. ಅವಳನ್ನು ಹಿಡಿದ ಇಬ್ಬರು ಹೆಂಗಸರನ್ನು ಕರೆದವನೂ ಅವನೇ.

ಆದೇಶದ ಪ್ರಕಾರ ಠಾಣೆಯ ಪ್ರತಿಯನ್ನು ಹಾಕಬೇಕಿತ್ತು. ಹಾಕಿದ. ನಾಲ್ಕು ನಿಮಿಷ ಹನ್ನೆರಡನೇ ಸೆಕೆಂಡಿಗೆ ಅವಳ ತುಟಿಯೂ ಆ ದನಿಯ ಜೊತೆ ಅಲುಗಿತು. "ನನ್ನ ಮಗಳೇ" ಎಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಬಾಗಿಲ ಬಳಿ ನಿಂತು ತಿರುಗಿದಳು. "ಕೇಸು ಅಂತ ಇದನ್ನ ಅಳಿಸಿಬಿಡ್ತಾರಾ? ಎಲ್ಲಾ ಕಡೆಯಿಂದ ತೆಗೆಸಿಬಿಡ್ತಾರಾ?"

"ಇಲ್ಲಮ್ಮ. ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಹಾಗಿಲ್ಲ."

"ಹಾಗಾದ್ರೆ ಸರಿ. ಅವಳ ದನಿ ನನ್ನ ಹತ್ರ ಬೇರೆ ಎಲ್ಲೂ ಇಲ್ಲ" ಎಂದು ಹೇಳಿ ಮಾರುಕಟ್ಟೆಗೆ ಹೋದಳು.

ಅಂತಿಮ ವರದಿಯಲ್ಲಿ ಉದ್ದೇಶದ ಕಾಲಮ್ಮಿಗೆ ಗುನೈಮ್ ಹೀಗೆ ಬರೆದ: ಆರೋಪಿಗೆ ಮೃತನೊಡನೆ ಹಗೆಯಿರಲಿಲ್ಲ. ಒಬ್ಬ ತಾಯಿಗೆ ಒಂದು ಸತ್ಯ ತಿಳಿಯಬಾರದೆಂದು ಕೃತ್ಯ ಎಸಗಿದ್ದಾನೆ. ಸದರಿ ಸತ್ಯ ಆಕೆಗೆ ಮೊದಲಿನಿಂದಲೂ ತಿಳಿದಿತ್ತು. ಅದರ ಕೆಳಗೆ, ಯಾರೂ ಕೇಳದಿದ್ದರೂ, ಹೋದ ವರ್ಷದ ಜನವರಿಯ ಮರಣ ದಾಖಲೆ ತನ್ನ ಕೈಯಿಂದಲೇ ತಪ್ಪಾಗಿ ಬರೆಯಲ್ಪಟ್ಟಿದೆ ಎಂದು ಇನ್ನೊಂದು ಸಾಲು ಸೇರಿಸಿ ಸಹಿ ಹಾಕಿದ.

ಸೋಮವಾರ ಬೆಳಗ್ಗೆ ಕಸ್ಟಡಿ ಮುಂದುವರಿಸಲು ಹಮ್ದಿಯನ್ನು ವ್ಯಾನಿನಲ್ಲಿ ಪ್ರಾಸಿಕ್ಯೂಷನ್ ಕಚೇರಿಗೆ ಕರೆದೊಯ್ಯುತ್ತಿದ್ದರು. ಅವನ ಎಡಗೈಯನ್ನು ಬಯೂಮಿಯ ಬಲಗೈಗೆ ಕೋಳದಿಂದ ಬಿಗಿದಿತ್ತು. ಸಮುದ್ರದ ದಂಡೆಯ ರಸ್ತೆಯಲ್ಲಿ ಟ್ರಾಫಿಕ್ ನಿಂತಾಗ ಹಮ್ದಿ ಎದುರಿಗೆ ಕುಳಿತಿದ್ದ ಗುನೈಮನನ್ನು ಕೇಳಿದ.

"ಉಮ್ ನವ್ವಾರಳಿಗೆ ಕೇಳಿಸಿದ್ರಾ ಬಾಷಾ?"

"ಕೇಳಿಸ್ದೆ."

"ತಡ್ಕೊಂಡ್ಲಾ?"

ಸುಳ್ಳು ಹೇಳಬಹುದಿತ್ತು. ಗುನೈಮನಿಗೆ ಸುಳ್ಳು ಸಾಕಾಗಿತ್ತು.

"ಅವಳ ಹತ್ರ ಮೊದಲೇ ಇತ್ತಪ್ಪ. ಒಂದು ವರ್ಷದಿಂದ ದಿನಾ ಕೇಳ್ತಿದಾಳಂತೆ."

ಹಮ್ದಿ ಎರಡು ಕೈಯನ್ನೂ ಎತ್ತಿ ಕಿವಿ ಮುಚ್ಚಿಕೊಳ್ಳಲು ನೋಡಿದ. ಕೋಳ ಜಗ್ಗಿತು. ಬಯೂಮಿ ಬೈಯಲಿಲ್ಲ, ತನ್ನ ಕೈಯನ್ನೂ ಅವನ ಕಿವಿಯವರೆಗೆ ಎತ್ತಿ ಹಿಡಿದು ಕಚೇರಿ ಬರುವವರೆಗೂ ಹಾಗೇ ಕುಳಿತ.